ಹೊಳ್ಳಿ ಹೋದವರು

ವೈಟ್‌ಫೀಲ್ಡಿನ ಆ ಕಂಪನಿಯಲ್ಲಿ ಆಶಾರಾಣಿಯ ಲೆಕ್ಕಕ್ಕೆ ಎದುರು ಮಾತಾಡುವವರು ಯಾರೂ ಇರಲಿಲ್ಲ, ಗೇಟಿನ ಸೋಮಪ್ಪನೊಬ್ಬನನ್ನು ಬಿಟ್ಟು. ಬಾಗಲಕೋಟೆ ಕಡೆಯವನು, ಇಪ್ಪತ್ತೆರಡು ವರ್ಷ ಗಡಿ ಕಾದು ನಿವೃತ್ತನಾಗಿದ್ದ. ಈಗ ಒಳಬರುವ ಗಾಡಿಗಳ ನಂಬರ್ ಬರೆದುಕೊಳ್ಳುವ ಕೆಲಸ. ಅವಳ ಸ್ಕೂಟರಿಗೆ ಮಾತ್ರ ರಿಜಿಸ್ಟರ್ ಮುಟ್ಟದೆ ಗೇಟು ತೆಗೆಯುತ್ತಿದ್ದ. ಅವಳೂ ಅವನ ಹಳೆಯ ಗಡಿಪಡೆಗೇ ದುಡಿಯುತ್ತಿದ್ದಳಲ್ಲ: ಗಡಿಯ ಯಾವ ಜಾಗಕ್ಕೆ ಎಷ್ಟು ಜನ ಗಸ್ತು ಹೋಗಬೇಕೆಂದು ಹಳೆಯ ವರದಿಗಳನ್ನೆಲ್ಲ ಜಾಲಾಡಿ ಹೇಳುವ ಪ್ರೋಗ್ರಾಂ ಅವಳದು.

ಒಂದು ಮಧ್ಯಾಹ್ನ ಟೀ ಅಂಗಡಿಯ ಮುಂದೆ ಖುಷಿಯಿಂದ ಹೇಳಿದಳು: "ಸೋಮಣ್ಣ, ನೀವಿದ್ರಲ್ಲ, ಆ ಹೊಳೆ ತಿರುವು, ಅಲ್ಲಿ ಮೂರು ವರ್ಷದಿಂದ ಒಂದು ಕೇಸೂ ಇಲ್ಲ. ನಾಲ್ಕು ಜನ ಯಾಕೆ ದಂಡಕ್ಕೆ? ಇಬ್ರು ಸಾಕು."

ಸೋಮಪ್ಪ ಲೋಟ ಕೆಳಗಿಟ್ಟ. "ಕೇಸ್ ಇಲ್ಲಂದ್ರ ಕಳ್ಳರಿಲ್ಲಂತ ಅಲ್ರಿ ಮೇಡಂ. ನಾಕ್ ಮಂದೀನ ನೋಡಿ ಹೊಳ್ಳಿ ಹೋಗ್ತಾರ. ಹೊಳ್ಳಿ ಹೋದವರನ್ನ ನಾವು ಬರಿಯಂಗಿಲ್ಲ. ಬರದ್ರ ಕಾಗದಾ, ವಿಚಾರಣಿ, ನೂರೆಂಟು. ನಮ್ಮಕ್ಕನ ಮಗ ಯಮನೂರ ಈಗ ಅಲ್ಲೇ ಅದಾನ, ಬೇಕಾದ್ರ ಅವನ್ನ ಕೇಳ್ರಿ."

ಅವಳು ಕೇಳಲಿಲ್ಲ. ಶುಕ್ರವಾರ ಪ್ರೋಗ್ರಾಂ ನೋಡಲು ಗಡಿಪಡೆಯ ಅಧಿಕಾರಿಗಳು ಬರುವವರಿದ್ದರು. ಗೇಟಿನವನ ಮಾತು ನಂಬಿ ಪ್ರೋಗ್ರಾಂ ತಿದ್ದಿದರೆ ನಗೆಪಾಟಲಾದೇನು ಅನ್ನಿಸಿತು. ಇಬ್ಬರು ಸಾಕು ಎಂದೇ ತೋರಿಸಿದಳು, ಚಪ್ಪಾಳೆಯೂ ಬಿತ್ತು.

ಎರಡು ತಿಂಗಳಿಗೆ ಹೊಳೆಯ ತಿರುವಿನಲ್ಲಿ ಕಳ್ಳಸಾಗಣೆಯ ಹನ್ನೊಂದು ಮಂದಿ ಮಚ್ಚು ಹಿಡಿದು, ಗಸ್ತಿಗೆ ಉಳಿಸಿದ್ದ ಆ ಇಬ್ಬರ ಮೇಲೆ ಬಿದ್ದರು. ಜೊತೆಗಾರ ಹೇಗೋ ಪಾರಾದ. ಯಮನೂರನ ಬಲಗೈ ಹೋಯಿತು.

ಒಂದು ವಾರದ ರಜೆ ಮುಗಿಸಿ ಸೋಮಪ್ಪ ಗೇಟಿಗೆ ಮರಳಿದ. ಆಶಾರಾಣಿ ಸ್ಕೂಟರ್ ನಿಲ್ಲಿಸಿ ಬಾಯಿ ತೆರೆಯುವ ಮೊದಲೇ ಅವನೇ ಶುರುಮಾಡಿದ: "ತಪ್ಪು ನಮ್ದ ರೀ ಮೇಡಂ. ಬರಿಬ್ಯಾಡ, ಸುಮ್ನ ಓಡ್ಸು ಅಂತ ಅವಂಗ ಕಲಿಸಿದಾಂವ ನಾನ. ಬರದಿಟ್ಟಿದ್ರ ನಿಮ್ಮ ಕಂಪ್ಯೂಟರಿಗೆ ಗೊತ್ತಾಗತಿತ್ತು."

"ಕಂಪ್ಯೂಟರಿಗೆ ಗೊತ್ತಿರ್ಲಿಲ್ಲ ಸೋಮಣ್ಣ. ನನಗೆ ಗೊತ್ತಿತ್ತು. ನೀವು ಹೇಳಿದ್ರಿ."

ಸೋಮಪ್ಪ ಅವಳ ಮುಖ ನೋಡಲಿಲ್ಲ. ಆಮೇಲೆ ರಿಜಿಸ್ಟರ್ ಬಿಡಿಸಿ, ಸ್ಕೂಟರಿನ ಮುಂದೆ ಬಗ್ಗಿ, ಅವಳ ನಂಬರನ್ನು ಮೊದಲ ಸಲ ಒಂದೊಂದೇ ಅಂಕಿ ನೋಡಿ ಬರೆದುಕೊಂಡ.