ಡ್ರಮ್ಮಿಗೆ ಅಪ್ಪನ ಒಪ್ಪಿಗೆ

ಗಲ್ಫಿನ ಅಲ್ ಸದ್ದ್ ಬಡಾವಣೆಯ ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ, ಸೋಫಾ ಇದ್ದ ಜಾಗದಲ್ಲಿ ಒಂದು ಡ್ರಮ್ ಸೆಟ್ ಕೂತಿತ್ತು. ಮಗ ಅನ್ಸೆಲ್ಮ್ ತನ್ನ ಕೀಬೋರ್ಡನ್ನು ಅಲ್ ಮುಂತಜಾದಲ್ಲಿರುವ ಶಾಫಿಯವರ ವಾದ್ಯದ ಅಂಗಡಿಗೆ ಕೊಟ್ಟು, ಕಾಗದಕ್ಕೆ ಸಹಿ ಹಾಕಿ, ಬದಲಿಗೆ ಇದನ್ನು ತಂದಿದ್ದ. ಕೀಬೋರ್ಡಿಗಾದರೆ ಹೆಡ್‌ಫೋನ್ ಇತ್ತು. ಅವನು ನುಡಿಸಿದರೆ ಅವನಿಗೆ ಮಾತ್ರ ತೊಂದರೆ. ಈಗ ಹನ್ನೆರಡನೇ ಕ್ಲಾಸಿನ ಪರೀಕ್ಷೆ ಎದುರಿಗಿದೆ, ಕೆಳಗಿನ ಮನೆಯಲ್ಲಿ ಬಿಲ್ಡಿಂಗಿನ ಮಾಲೀಕನೇ ಇದ್ದಾನೆ. ಡ್ರಮ್ ವಾಪಸ್ ಹೋಗಲೇಬೇಕಿತ್ತು.

ಶಾಫಿಯವರಿಗೆ ಫೋನ್ ಮಾಡಿ ಬೈದೆ. ಅವರು ನಮ್ಮೂರ ಕಡೆಯ ಬ್ಯಾರಿ, ನಿಧಾನದ ಮನುಷ್ಯ.

“ಹುಡುಗನಿಗೆ ಹದಿನೇಳು. ಅಪ್ಪ ಬೇಡ ಅಂದ್ರೆ ವ್ಯಾಪಾರ ಖಲಾಸ್, ಒಪ್ಪಿದ್ರೆ ಗಟ್ಟಿ. ಕಾಗದದಲ್ಲೇ ಹಾಗೆ ಬರೆದಿದ್ದೇನೆ ಯೂಸ್ಟೇಸರೇ. ನಾಳೆ ಹೇಗೂ ನಿಮ್ಮಲ್ಲಿ ಊಟಕ್ಕೆ ಬರ್ತೇನಲ್ಲ, ವ್ಯಾನಿನಲ್ಲಿ ತಗೊಂಡು ಹೋಗ್ತೇನೆ.”

“ನಾನು ಒಪ್ಪುವುದಿಲ್ಲ.”

“ಆಯ್ತು ಮಾರಾಯ್ರೇ.”

ಮರುದಿನ ಶುಕ್ರವಾರ ನಮ್ಮಲ್ಲಿ ರೋಸ್ ಶಾಸ್ತ್ರ. ನಾದಿನಿ ಮ್ಯಾಗ್ಡಲಿನ್ ಮದುವೆಗೆ ಊರಿಗೆ ಹೊರಟಿದ್ದಳು. ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಈ ಶಾಸ್ತ್ರವನ್ನು ಇಲ್ಲೂ ಒಮ್ಮೆ ಮಾಡಿಯೇ ಕಳಿಸಬೇಕೆಂದು ನನ್ನ ಹೆಂಡತಿ ಕೊನ್ಸೆಪ್ಟಾಳ ಹಟ. ಹೆಂಗಸರು ಶಾಸ್ತ್ರದ ಹಾಡು ಶುರುಮಾಡಿದರು. ಅನ್ಸೆಲ್ಮ್ ಡ್ರಮ್ಮಿನ ಹಿಂದೆ ಕೂತು ಬಾರಿಸತೊಡಗಿದ. ಹಾಡು ಒಂದು ಕಡೆ, ಇವನು ಒಂದು ಕಡೆ. ಊರಿನ ಇಗರ್ಜಿಯ ಬ್ಯಾಂಡಿನಲ್ಲಿ ಡ್ರಮ್ ಹೊಡೆದು ಬೆಳೆದವನು ನಾನು. ಎಷ್ಟು ಹೊತ್ತು ತಡೆಯಲಿ?

“ಏಳೋ ಕತ್ತೆ. ರೋಸಿಗೆ ಹೀಗಾ ಹೊಡೆಯುವುದು?”

ಕೋಲು ಕಿತ್ತುಕೊಂಡು ಕೂತೆ. ಹೆಂಗಸರ ದನಿ ಏರಿತು. ಮ್ಯಾಗ್ಡಲಿನ್ ತಲೆಯಿಂದ ತೆಂಗಿನ ಹಾಲು ಇಳಿಸಿಕೊಂಡೇ ಕುಣಿದಳು. ಜಗಳಕ್ಕೆಂದು ಮೇಲೆ ಬಂದ ಮಾಲೀಕ ಬಾಗಿಲಲ್ಲೇ ನಿಂತು ಚಪ್ಪಾಳೆ ತಟ್ಟಿದ.

ನಾನು ಏಳುವ ಹೊತ್ತಿಗೆ ಶಾಫಿ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದರು.

“ವ್ಯಾನ್ ಕೆಳಗುಂಟು. ಬಿಚ್ಚಲಾ?”

“ಬಿಚ್ಚುವುದು ಆಮೇಲೆ. ಎಂಥ ಮಾಲು ಕೊಟ್ಟಿದ್ದೀರಿ? ಪೆಡಲ್ ಸಡಿಲ. ಮೊದಲು ಅದನ್ನು ಸರಿ ಮಾಡಿಕೊಡಿ.”

“ವಾಪಸ್ ಹೋಗುವ ಡ್ರಮ್ಮಿಗೆ ರಿಪೇರಿ ಯಾಕೆ?”

“ಯಾಕೆ ಅಂದ್ರೆ? ಅಷ್ಟು ಒಳ್ಳೆ ಕೀಬೋರ್ಡ್ ಕೊಟ್ಟಿದ್ದೇವೆ. ಅದಕ್ಕೆ ಸರಿಯಾದ ಮಾಲು ಬೇಡವಾ ನಮಗೆ?”

ಶಾಫಿ ನಕ್ಕರು. “ಯಲ್ಲಾ, ಸ್ಪ್ಯಾನರ್ ತಾ ಮಗಾ. ನಿನ್ನ ಅಪ್ಪ ಒಪ್ಪಿದ್ರು.”

“ನಾನು ಯಾವಾಗ ಒಪ್ಪಿದೆ?”

“ಬಾರಿಸಿದ್ದನ್ನು ಬಿಟ್ಟುಬಿಡುವ. ಬೇಡದ ಮಾಲಿಗೆ ರಿಪೇರಿ ಯಾರು ಕೇಳ್ತಾರೆ?”

ಕೊನ್ಸೆಪ್ಟಾಳ ಮುಖ ನೋಡಿದೆ. ಅವಳು ಆಗಲೇ ಸೋಫಾವನ್ನು ಎಲ್ಲಿಡುವುದೆಂದು ಅಳೆಯುತ್ತಿದ್ದಳು. ಸೋತೆನೆಂದು ಗೊತ್ತಾಯಿತು. ಷರತ್ತೊಂದನ್ನು ಮಾತ್ರ ಹಾಕಿದೆ: ಪರೀಕ್ಷೆ ಮುಗಿಯುವ ತನಕ ಅನ್ಸೆಲ್ಮ್ ಇದನ್ನು ಮುಟ್ಟಬಾರದು.

“ಅಲ್ಲಿವರೆಗೆ ಯಾರು ಬಾರಿಸೋದು ಪಪ್ಪಾ?”

ಶಾಫಿ ಪೆಡಲ್ ಬಿಗಿದು ಎದ್ದಿದ್ದರು. ಸರಿಯಾಗಿದೆಯೋ ಎಂದು ನೋಡಲು ಕೂತೆ.