ಅಬ್ಬಾ ಹೇಳಿದ ಮಸೂಲೆ

ನಮ್ಮ ಅಬ್ಬಾ ಅಬ್ದುಲ್ ರಶೀದ್ ಸಕಲೇಶಪುರದಲ್ಲಿ ಲಾರಿ ಡ್ರೈವರ್. ಹಿಂದೆ ಮೂರು ವರ್ಷ ಇರಾನಿನ ಬೆಟ್ಟದೂರು ಮಸೂಲೆಯಲ್ಲಿ ಲಾರಿ ಓಡಿಸಿಕೊಂಡಿದ್ದೆ ಅಂತ ಹೇಳುತ್ತಿದ್ದರು. ಸಾವಿರ ವರ್ಷದ ಊರಂತೆ. ಕೆಳಗಿನ ಮನೆಯ ತಾರಸಿಯೇ ಮೇಲಿನ ಮನೆಯ ಅಂಗಳ. ಹಳದಿ ಮಣ್ಣಿನ ಗೋಡೆ, ಕಿಟಕಿ ತುಂಬ ಹೂಕುಂಡ, ಪಕ್ಕದಲ್ಲೇ ಕಾಡು, ಜಲಪಾತ. ಮಂಜು ಇಳಿದರೆ ಯಾರ ಸೂರಿನ ಮೇಲೆ ಆಡುತ್ತಿದ್ದೇವೆಂದು ಮಕ್ಕಳಿಗೇ ಗೊತ್ತಾಗುವುದಿಲ್ಲವಂತೆ. ಕೇಳುತ್ತಾ ಕೇಳುತ್ತಾ ನಾನೂ ಮನಸ್ಸಿನಲ್ಲೇ ಎಷ್ಟೋ ಸಲ ಆ ತಾರಸಿಗಳ ಮೇಲೆ ಓಡಾಡಿ ಬಂದಿದ್ದೆ. ಶಾಲೆಯಲ್ಲಿ ಜಂಬ ಕೊಚ್ಚಿದ್ದೆ. ನಂಬದ ಗೆಳತಿ ಚಂದ್ರಿಕಾಳ ಜೊತೆ ಒಂದು ವರ್ಷ ಮಾತು ಬಿಟ್ಟಿದ್ದೆ.

೧೯೯೮ರ ಡಿಸೆಂಬರಿನಲ್ಲಿ ಅಬ್ಬಾನೂ ನಾನೂ ಮಂಜರಾಬಾದ್ ಕೋಟೆ ಹತ್ತಿದ್ದೆವು. ಮೈಸೂರಿನಲ್ಲಿ ಓದುವ ಇರಾನಿ ಹುಡುಗಿಯೊಬ್ಬಳು ಅಲ್ಲಿದ್ದಳು. ಹೆಸರು ಪರೀಸಾ. ಊರು ಕೇಳಿದರೆ ಮಸೂಲೆ ಅಂದಳು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಬ್ಬನಿಗೆ ಇಂಗ್ಲಿಷ್ ಬಾರದು. ಡಿಗ್ರಿ ಓದುತ್ತಿದ್ದ ನಾನೇ ಇಬ್ಬರ ನಡುವೆ ನಿಂತೆ.

"ಹೇಳಿ ಅಬ್ಬಾ, ಸುಮ್ನೆ ನಿಂತ್ರೆ ಹೆಂಗೆ?"

ಅಬ್ಬಾ ಗಂಟಲು ಸರಿಮಾಡಿಕೊಂಡರು. "ನನ್ ಲಾರಿ ನೇರ ಮನೆ ಬಾಗ್ಲಿಗೇ ಹೋಗ್ತಿತ್ತು ಅನ್ನು."

ಹೇಳಿದೆ. ಪರೀಸಾ ಮೆಲ್ಲಗೆ ನನ್ನನ್ನೇ ನೋಡಿದಳು. "ನಮ್ಮೂರೊಳಗೆ ಗಾಡಿ ಬರುವುದಿಲ್ಲ. ತಾರಸಿಯೇ ಬೀದಿ. ಅದರ ಮೇಲೆ ಲಾರಿ ಹೇಗೆ ಓಡುತ್ತೆ?"

ಹನ್ನೆರಡು ವರ್ಷ ಬಾಯಿಬಿಟ್ಟು ಕೇಳಿದ ನನಗೆ ಇಷ್ಟು ಹೊಳೆದಿರಲಿಲ್ಲ. ಚಂದ್ರಿಕಾಳ ಮುಖ ಕಣ್ಣೆದುರು ಬಂದು ಮೈಯೆಲ್ಲ ಉರಿಯಿತು.

"ಏನಂತಮ್ಮಾ?" ಅಬ್ಬಾ ಅಂಗಿಯ ಗುಂಡಿ ತಿರುಗಿಸುತ್ತಾ ಕೇಳಿದರು. ಆ ಬೆರಳು ನೋಡಿ ಸಿಟ್ಟು ಎಲ್ಲಿ ಹೋಯಿತೋ.

"ನಿಮ್ ಲಾರಿ ಅವ್ರಿಗೂ ನೆನಪೈತಂತೆ."

ಅಬ್ಬಾ ಕೋಟೆಗೋಡೆಯ ಮೇಲೆ ಕೂತುಬಿಟ್ಟರು.

"ಆ ಮಗು ಹಂಗಂದಿರಲ್ಲ, ಬಿಡು. ನಾನು ದುಬೈ ಗೋಡೌನಲ್ಲಿ ಮೂಟೆ ಹೊರ್ತಿದ್ದೆ ಕಣಮ್ಮ. ರೂಮಲ್ಲಿ ಹಮೀದ್ ಅಂತ ಮಸೂಲೆ ಊರೋನಿದ್ದ. ಅವ್ನ್ ಹೇಳಿದ್ದನ್ನ ಕೇಳ್ಕಂಡೇ ಮೂರು ವರ್ಷ ಕಳೆದ್ಬುಟ್ಟೆ. ನಿಂಗೆ ಹೇಳಕ್ಕೆ ಮೂಟೆ ಬಿಟ್ರೆ ನಂತಾವ ಇನ್ನೇನಿತ್ತು?"

ನನಗೆ ಅಳು ಬಂತು. ಕೆಳಗೆ ಮಂಜು ಆನೇಮಹಲ್ ಹಳ್ಳಿಯ ಸೂರುಗಳನ್ನು ಒಂದೊಂದಾಗಿ ಮುಚ್ಚುತ್ತಿತ್ತು. ಅಬ್ಬಾ ಪಕ್ಕಕ್ಕೆ ಸರಿದು ಪರೀಸಾಳಿಗೆ ಜಾಗ ಮಾಡಿದರು.

"ನಾನು ಆ ಊರು ನೋಡೇ ಇಲ್ಲ ಅಂತ ಹೇಳ್ಬುಡು. ಮಳೆ ಬಂದ್ರೆ ಅಲ್ಲಿ ಹೆಂಗಿರ್ತದೆ ಅಂತ ಕೇಳು. ಹಮೀದ್ ಅದೊಂದು ಹೇಳ್ನೇ ಇಲ್ಲ."

ಈ ಸಲ ನಾನು ಒಂದು ಮಾತನ್ನೂ ಬದಲಿಸಲಿಲ್ಲ.