ಅಣಶಿ ಘಟ್ಟ ಇಳಿದ ಶೇಖಪ್ಪ

ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ಶೇಖಪ್ಪನಷ್ಟು ಚೆಂದಾಗಿ ಸಮುದ್ರ ವರ್ಣಿಸುವವರು ಇನ್ನೊಬ್ಬರಿರಲಿಲ್ಲ. ಹಳಿಯಾಳದ ಹತ್ತಿರದ ಹಳ್ಳಿಯವನು, ಕಾಗದ ಕತ್ತರಿಸುವ ವಿಭಾಗದಲ್ಲಿ ಇಪ್ಪತ್ತು ವರ್ಷ ದುಡಿದವನು, ವಯಸ್ಸು ನಲವತ್ತೆಂಟು. ತರುಣನಿದ್ದಾಗ ಒಬ್ಬನೇ ಸೈಕಲ್ ಹೊಡೆದುಕೊಂಡು ಅಣಶಿ ಘಟ್ಟ ಇಳಿದು, ಕಾರವಾರದ ಸಮುದ್ರ ನೋಡಿ ಬಂದೆನೆಂದು ಚಹಾದ ಹೊತ್ತಿನಲ್ಲಿ ಹೇಳುತ್ತಿದ್ದ. ಘಟ್ಟದ ಒಂದೊಂದು ತಿರುವಿಗೂ ಒಂದೊಂದು ಕತೆ. ಹೊಸಬರು ಬಾಯಿ ಬಿಟ್ಟು ಕೇಳುತ್ತಿದ್ದರು. ಹಳಬರಂತೂ ಕೇಳಿ ಕೇಳಿ, ತಾವೇ ಹೋಗಿ ಬಂದವರ ಹಾಗೆ ನಡುನಡುವೆ ಅವನನ್ನು ತಿದ್ದುತ್ತಿದ್ದರು.

ನಿಜವೆಂದರೆ ಶೇಖಪ್ಪ ಸಮುದ್ರ ನೋಡಿರಲಿಲ್ಲ. ಇಪ್ಪತ್ತಾರನೇ ವಯಸ್ಸಿನಲ್ಲಿ ಹೊರಟದ್ದು ಹೌದು, ಕುಂಬಾರವಾಡ ದಾಟಿ ಘಟ್ಟದ ತಲೆಯವರೆಗೆ ಹೋದದ್ದೂ ಹೌದು. ಅಲ್ಲಿ ರಸ್ತೆ ಒಮ್ಮೆಲೇ ಕೆಳಗೆ ಜಾರಿ ಮಂಜಿನೊಳಗೆ ಮಾಯವಾಗಿದ್ದನ್ನು ಕಂಡು ಅಂಜಿ ಸೈಕಲ್ಲಿನಿಂದ ಇಳಿದ. ಒಂದು ತಾಸು ನಿಂತ. ಆಮೇಲೆ ಸೈಕಲ್ ತಿರುಗಿಸಿದ. ಊರಿಗೆ ಬಂದಾಗ ಗೆಳೆಯರು "ಸಮುದ್ರ ನೋಡಿದ್ಯೇನೋ?" ಎಂದರು. ಬಾಯಿಂದ "ಹೂಂ" ಬಂದುಬಿಟ್ಟಿತು. ಆ ಒಂದು ಹೂಂ ವರ್ಷದಿಂದ ವರ್ಷಕ್ಕೆ ಬೆಳೆಯುತ್ತ ಹೋಯಿತು.

೧೯೮೧ರ ಡಿಸೆಂಬರಿನಲ್ಲಿ ಸಂತಾನ ಅವನನ್ನು ಸಿಕ್ಕಿಹಾಕಿಸಿದ. ಸಂತಾನ ಹಳಿಯಾಳದ ಕಡೆಯ ಸಿದ್ದಿ ತರುಣ, ಕಾರ್ಖಾನೆಯಲ್ಲಿ ಹೊಸ ಫಿಟ್ಟರ್. ಅವನ ತಂಗಿ ಜುಲಿಯಾನಾ ಕಾರವಾರದ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. ನಾತಾಳಕ್ಕೆ, ಅಂದರೆ ಕ್ರಿಸ್‌ಮಸ್ ಹಬ್ಬಕ್ಕೆ, ಊರಿಗೆ ಬರುವಷ್ಟು ರಜೆ ಅವಳಿಗೆ ಸಿಕ್ಕಿರಲಿಲ್ಲ.

"ಅಕಿ ಬರೂದಿಲ್ಲಂದ್ರ ನಾನs ಹೋಗ್ತೇನಿ ಕಾಕಾ, ಸೈಕಲ್ ಮ್ಯಾಲೆ," ಎಂದ ಸಂತಾನ, ಎಲ್ಲರೂ ಚಹಾ ಕುಡಿಯುತ್ತಿದ್ದಾಗ. "ಆ ದಾರಿ ನಿಮಗ ಗೊತ್ತೈತಿ. ನನ್ನ ಜೋಡಿ ಬರ್ರಿ."

"ಈಗ ಮೊಣಕಾಲು ಮದಲಿನಂಗಿಲ್ಲೋ ತಮ್ಮಾ..."

"ದಿನಾ ಸೈಕಲ್ ಮ್ಯಾಲೇ ಬರ್ತೀರಲ್ಲರೀ!" ಎಂದು ಯಾರೋ ಹಿಂದಿನಿಂದ ಕೂಗಿದರು. ಎಲ್ಲರೂ ನಕ್ಕರು. ಶೇಖಪ್ಪನೂ ನಕ್ಕ. ಮಾತು ಮುಗಿದೇ ಹೋಯಿತು.

ಬಂಗೂರನಗರದ ಮನೆಯಲ್ಲಿ ಹೆಂಡತಿ ಕಾಶೆವ್ವ ರೊಟ್ಟಿ ಬಡಿಯುತ್ತಿದ್ದಳು. "ಯಾಕ್ರೀ, ಮಾರಿ ಹಿಂಗ್ಯಾಕ ಆಗೇತಿ?"

ಶೇಖಪ್ಪ ವಿಷಯ ಹೇಳಿದ. ಅವಳು ತವೆಯ ಮೇಲಿನ ರೊಟ್ಟಿಗೆ ನೀರು ಹಚ್ಚಿ, ತಲೆ ಎತ್ತದೆ ಹೇಳಿದಳು: "ಹೋಗಿ ಬರ್ರಿ. ಈ ಸಲ ಪೂರ್ತಿ ಹೋಗಿ ಬರ್ರಿ."

ಶೇಖಪ್ಪ ಅವಳ ಮುಖ ನೋಡಿದ. ಇವಳಿಗೆ ಎಂದಿನಿಂದ ಗೊತ್ತು? ಅವಳು ಮಾತ್ರ ಇಬ್ಬರಿಗೂ ಸಾಕಾಗುವಷ್ಟು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು.

ಇಪ್ಪತ್ತಮೂರನೇ ತಾರೀಖಿನ ನಸುಕಿನಲ್ಲಿ ಹೊರಟರು. ಕೈಬೆರಳು ಸೆಟೆಯುವಷ್ಟು ಚಳಿ. ಸೂಪಾದ ಅಣೆಕಟ್ಟಿನ ಕೆಲಸಕ್ಕೆ ಸಿಮೆಂಟು ಹೊತ್ತ ಲಾರಿಗಳು ಪಕ್ಕದಲ್ಲೇ ಹಾಯ್ದು ಇಬ್ಬರಿಗೂ ಬಿಳಿ ಮೀಸೆ ಬರೆದು ಹೋದವು. ಜೋಯಿಡಾ ಬರುವ ಹೊತ್ತಿಗೆ ಬಿಸಿಲು ಹತ್ತಿತ್ತು. ಮುಂದೆ ದಾರಿಯೆಲ್ಲ ಏರು, ಇಳಿ, ಮತ್ತೆ ಏರು. ಏರಿನಲ್ಲಿ ಸೈಕಲ್ ನೂಕುತ್ತ, ಇಳಿಜಾರಿನಲ್ಲಿ ಕಾಲು ಎತ್ತಿ ಹೋ ಎಂದು ಕೂಗುತ್ತ ಹೋದರು. ಒಂದು ಹಳ್ಳದ ದಂಡೆಯಲ್ಲಿ ರೊಟ್ಟಿ ತಿಂದರು. ಶೇಖಪ್ಪನಿಗೆ ತನ್ನ ಹೆದರಿಕೆ ಮರೆತೇ ಹೋಗುತ್ತಿತ್ತು, ಸಂತಾನ ನಡುನಡುವೆ ನೆನಪಿಸದಿದ್ದರೆ.

"ಕಾಕಾ, ಕಾಡಕೋಣ ಅಡ್ಡ ನಿಂತಿತ್ತಲ್ಲ, ಆ ತಿರುವು ಇದೇನ್ರೀ?"

"ಮುಂದೈತಿ."

"ಮತ್ತ ನೀವು ಮಂಗ್ಯಾಗೋಳ ಕೈಯಾಗ ಟೊಪಗಿ ಕೊಟ್ಟದ್ದು?"

"ಅದೂ ಮುಂದೈತಿ. ಸುಮ್ಮ ತುಳೀಯೋ ಮಾರಾಯ."

ಹೊತ್ತು ಇಳಿಯುವಾಗ ಕುಂಬಾರವಾಡ ಮುಟ್ಟಿದರು. ಸಂಜೆಯ ಬಸ್ಸು ಹೋಗಿಯಾಗಿತ್ತು, ರಸ್ತೆ ಖಾಲಿ. ಗದ್ದೆಯ ಪಕ್ಕದ ಒಂದು ಮನೆಯ ಮುಂದೆ ಅರವತ್ತು ದಾಟಿದ ಹೆಂಗಸೊಬ್ಬಳು ಭತ್ತ ಒಳಗೆ ಸಾಗಿಸುತ್ತಿದ್ದಳು. ಸಂತಾನ ಕೊಂಕಣಿಯಲ್ಲಿ ರಾತ್ರಿಗೆ ಜಾಗ ಕೇಳಿದ. ಅವಳು ಜಗುಲಿ ತೋರಿಸಿ, ಚಹಾ ಕಾಸಿ ತಂದಳು. ಹೆಸರು ಗೋದುಬಾಯಿ. ಲೋಟ ಕೊಡುತ್ತ ಶೇಖಪ್ಪನ ಮುಖವನ್ನು ಬಗ್ಗಿ ನೋಡಿದಳು.

"ಏ, ನೀ ಹಳ್ಯಾಳದವ ಅಲ್ಲ? ಸಣ್ಣವ ಇದ್ದಾಗ ಸೈಕಲ್ ತಗೊಂಡ ಬಂದಿದ್ದಿ. ಘಟ್ಟ ನೋಡಿ ಅಂಜಿ ತಿರುಗಿ ಬಂದು, ಇಲ್ಲೇ ಎರಡ ದಿವಸ ಮಲಗಿದ್ದಿ. ನಿನ್ನ ಕಾಲಿಗೆ ಎಣ್ಣಿ ತಿಕ್ಕಿದಾಕಿ ನಾನs!"

ಶೇಖಪ್ಪನ ಕೈಯಲ್ಲಿ ಲೋಟ ಹಾಗೇ ನಿಂತಿತು. ಸಂತಾನ ಅವನನ್ನೂ ಅವಳನ್ನೂ ನೋಡಿದ. ಇಲ್ಲವೆನ್ನಬಹುದಿತ್ತು; ಮುದುಕಿ ಯಾರನ್ನೋ ನೆನೆಸಿಕೊಂಡಿದ್ದಾಳೆ ಎಂದರೆ ಆಗುತ್ತಿತ್ತು. ಆದರೆ ಎರಡು ದಿನ ತನ್ನ ಕಾಲು ತಿಕ್ಕಿದವಳ ಎದುರು ಅವನ ಬಾಯಿಂದ ಸುಳ್ಳು ಹೊರಡಲಿಲ್ಲ.

"ಹೌದ್ರಿ ಮಾವಶಿ, ನಾನs," ಎಂದ. ಆಮೇಲೆ ಸಂತಾನನ ಕಡೆ ತಿರುಗಿದ. "ತಮ್ಮಾ, ನಾ ಸಮುದ್ರ ನೋಡಿಲ್ಲ. ಘಟ್ಟಾನೂ ಇಳದಿಲ್ಲ. ಮುಂದಿನ ದಾರಿ ನನಗ ಗೊತ್ತಿಲ್ಲ."

ಸಂತಾನ ಲೋಟ ಎತ್ತಿ ಒಂದು ಗುಟುಕು ಹೀರಿದ. ಆಮೇಲೆ ನಗು ಎದೆಯಿಂದ ಎದ್ದು ಬಂತು. ಚಹಾ ಮೂಗಿಗೆ ಹತ್ತಿ ಕೆಮ್ಮಿದ, ಕೆಮ್ಮುತ್ತಲೇ ನಕ್ಕ. "ಅಂದ್ರ ಆ ಮಂಗ್ಯಾಗೋಳು?"

"ಮಂಗ್ಯಾಗೋಳೂ ಇಲ್ಲ, ಟೊಪಗೀನೂ ಇಲ್ಲ."

ಗೋದುಬಾಯಿ ಯಾಕೆಂದು ತಿಳಿಯದಿದ್ದರೂ ಸೆರಗು ಬಾಯಿಗೆ ಇಟ್ಟುಕೊಂಡು ನಗತೊಡಗಿದಳು. ಶೇಖಪ್ಪನಿಗೆ ಮೊದಲು ಕಿವಿ ಬಿಸಿಯಾಯಿತು. ನೋಡನೋಡುತ್ತ ಅವನಿಗೂ ನಗು ತಡೆಯದಾಯಿತು. ಎಷ್ಟೋ ವರ್ಷ ಹೊತ್ತ ಮೂಟೆಯನ್ನು ಜಗುಲಿಯ ಮೇಲೆ ಇಳಿಸಿದಷ್ಟು ಹಗುರಾಯಿತು.

"ನಾನೂ ಒಂದ ಮಾತ ಹೇಳ್ತೇನಿ ಕಾಕಾ," ಎಂದ ಸಂತಾನ ಕಣ್ಣೊರೆಸಿಕೊಂಡು. "ಒಬ್ಬಾವ ಬರಾಕ ಅಂಜಿಕಿ ಆಗಿತ್ತು, ಅದಕ್ಕs ನಿಮ್ಮನ್ನ ಕರದೆ. ಈಗ ಇಬ್ಬರಿಗೂ ಹೊಸಾ ದಾರಿ. ಮುಂಜಾನೆ ಹೋಗೂಣು."

ಬೆಳಿಗ್ಗೆ ಗೋದುಬಾಯಿ ಕತ್ತಿ ಹಿಡಿದು ಬಂದು ಎಲೆ ತುಂಬಿದ ಎರಡು ದೊಡ್ಡ ಟೊಂಗೆ ಕಡಿದು ಕೊಟ್ಟಳು. "ಘಟ್ಟದ ತಲಿಗೆ ಹೋದಮ್ಯಾಲೆ ಇವನ್ನ ಹಿಂದ ಕಟ್ಟಿ ಎಳಕೊಂಡ ಹೋಗ್ರಿ. ಸೈಕಲ್ ಓಡೂದಿಲ್ಲ. ನನ್ನ ಗಂಡ ಹಿಂಗs ಇಳೀತಿದ್ದ."

ಅಣಶಿ ದಾಟಿ ಘಟ್ಟದ ತಲೆಗೆ ಬಂದಾಗ ಮಂಜು ಅಂದಿನಂತೆಯೇ ತುಂಬಿತ್ತು. ಶೇಖಪ್ಪ ಕ್ಯಾರಿಯರಿಗೆ ಟೊಂಗೆ ಕಟ್ಟಿದ, ಗಂಟನ್ನು ಎರಡು ಸಲ ಜಗ್ಗಿ ನೋಡಿದ. "ಶಿವಾ" ಎಂದು ಪೆಡಲಿನ ಮೇಲೆ ಕಾಲಿಟ್ಟ.

ಸೈಕಲ್ ಹೊರಟಿತು. ಹಿಂದೆ ಟೊಂಗೆ ಬರಬರ ಎಂದು ರಸ್ತೆ ಗುಡಿಸುತ್ತ ಬಂತು. ಒಂದು ತಿರುವು ದಾಟಿತು, ಎರಡು ದಾಟಿದವು. ಎಡಕ್ಕೆ ಗುಡ್ಡದ ಗೋಡೆ, ಬಲಕ್ಕೆ ಬಿದಿರು ಬೆಳೆದ ಕೊಳ್ಳ. ಮಂಜು ಹರಿದಾಗ ಕೆಳಗೆ ಕಾಡಿನ ತಲೆಗಳಷ್ಟೇ ಕಾಣುತ್ತಿದ್ದವು. ಐದನೇ ತಿರುವಿನಲ್ಲಿ ಶೇಖಪ್ಪ ತಾನು ಹಾಡು ಗುನುಗುತ್ತಿರುವುದನ್ನು ಗಮನಿಸಿದ.

"ಕಾಕಾ! ಕಾಕಾ!"

ಸಂತಾನ ಅವನನ್ನು ದಾಟಿ ಸರ್ರನೆ ಮುಂದೆ ಹೋದ. ಅವನ ಬ್ರೇಕಿನ ರಬ್ಬರುಗಳು ಸವೆದು ಹಾರಿಹೋಗಿದ್ದವು. ಟೊಂಗೆಯೂ ಮುರಿದು ಅರ್ಧವಾಗಿತ್ತು. ಎದುರಿನ ತಿರುವಿಗೆ ಬರುವ ಮೊದಲೇ ಅವನು ಜಾಣತನದಿಂದ ಹ್ಯಾಂಡಲ್ಲನ್ನು ಗುಡ್ಡದ ಕಡೆಗೆ ತಿರುಗಿಸಿ, ಹುಲ್ಲು ತುಂಬಿದ ಗಟಾರಿನಲ್ಲಿ ಬಿದ್ದ. ಶೇಖಪ್ಪ ಸೈಕಲ್ ನಿಲ್ಲಿಸಿ ಓಡಿಬಂದಾಗ ಅವನು ಕೂತಲ್ಲೇ ಮೊಣಕೈ ನೋಡಿಕೊಳ್ಳುತ್ತಿದ್ದ. ಚರ್ಮ ಕಿತ್ತಿತ್ತು, ಅಷ್ಟೇ. ಆದರೆ ಸೈಕಲ್ ಎತ್ತಲು ಕೈ ಹಾಕಲಿಲ್ಲ.

"ಇನ್ನ ನನ್ನ ಕಡಿಂದ ಆಗೂದಿಲ್ಲ ಕಾಕಾ. ನಡಕೊಂಡ ಹೋಗೂಣು."

ಶೇಖಪ್ಪ ಚೀಲದಿಂದ ನಟ್ಟು ಬಿಚ್ಚುವ ಪಾನಾ ತೆಗೆದ. ತನ್ನ ಹಿಂದಿನ ಗಾಲಿಯ ಬ್ರೇಕಿನ ರಬ್ಬರು ಬಿಚ್ಚಿ ಸಂತಾನನ ಸೈಕಲ್ಲಿಗೆ ಹಾಕಿದ. ಬಿದಿರ ಮೆಳೆಯಿಂದ ಹೊಸ ಟೊಂಗೆ ಎಳೆದು ತಂದು, ತನ್ನ ಟವೆಲಿನಿಂದಲೇ ಬಿಗಿದ.

"ನಿನಗೊಂದು ಬ್ರೇಕು, ನನಗೊಂದು. ನೀ ನನ್ನ ಹಿಂದs ಬಾ, ಮುಂದ ನೋಡಬ್ಯಾಡ. ನನ್ನ ಅಂಗಿ ನೋಡಕೋತ ಬಾ."

ಹಾಗೆ ಇಬ್ಬರೂ ಇಳಿದರು, ನಡೆಯುವುದಕ್ಕಿಂತ ತುಸು ಜೋರಾಗಿ. ಪ್ರತಿ ತಿರುವಿಗೆ ಮುಂಚೆ ಶೇಖಪ್ಪ "ಎಡಕ!", "ಬಲಕ!" ಎಂದು ಕೂಗುತ್ತಿದ್ದ. ಎದುರು ಬಂದ ಲಾರಿಯವನು ಗಾಡಿ ನಿಲ್ಲಿಸಿ, "ಏನ್ರೀ, ರೋಡ್ ಕಸಾ ಹೊಡ್ಯಾಕ ನಿಮ್ಮನ್ನ ಇಟ್ಟಾರೇನು?" ಎಂದು ನಕ್ಕ. ಘಟ್ಟದ ಬುಡದ ಕದ್ರಾ ಬಂದಾಗ ಟೊಂಗೆಗಳಲ್ಲಿ ಒಂದು ಎಲೆಯೂ ಉಳಿದಿರಲಿಲ್ಲ. ಇಬ್ಬರೂ ಕಾಳಿ ಹೊಳೆಯಲ್ಲಿ ಬಟ್ಟೆಸಮೇತ ಇಳಿದು ಮುಳುಗಿದರು. ಮುಂದಿನ ದಾರಿ ಬಹುತೇಕ ಸಪಾಟು. ದೀಪ ಹಚ್ಚುವ ಹೊತ್ತಿಗೆ ಕಾರವಾರದ ಆಸ್ಪತ್ರೆಯ ಗೇಟಿನಲ್ಲಿದ್ದರು. ಜುಲಿಯಾನಾ ಅಣ್ಣನ ಒದ್ದೆ ಅಂಗಿಗೆ ದಾರಿಯಲ್ಲಿ ಮತ್ತೆ ಹತ್ತಿದ ಕೆಂಪು ಧೂಳನ್ನು ನೋಡಿ ಅಳಲೋ ನಗಲೋ ತಿಳಿಯದೆ ಎರಡನ್ನೂ ಮಾಡಿದಳು.

ಮರುದಿನ ಅವಳು ಇಗರ್ಜಿಯ ಪೂಜೆ ಮುಗಿಸಿ, ಅಣ್ಣನಿಗೆ ಮೀನು, ಮೀನು ತಿನ್ನದ ಶೇಖಪ್ಪನಿಗೆ ಬೇರೆ ಪಾತ್ರೆಯಲ್ಲಿ ಅನ್ನ, ಬೇಳೆ ಸಾರು ಮಾಡಿ ಬಡಿಸಿದಳು. ಆಮೇಲೆ ಮೂವರೂ ಒಂದು ಸೈಕಲ್ ನೂಕಿಕೊಂಡು ಸಮುದ್ರದ ದಂಡೆಗೆ ಹೋದರು.

"ಕಾಕಾ, ನಿಮಗ ಇದೆಲ್ಲಾ ಹಳೇದು ಬಿಡ್ರಿ," ಎಂದಳು ಜುಲಿಯಾನಾ. "ಅಣ್ಣ ಕಾಗದದಾಗ ಬರದಿದ್ದ, ನೀವು ಮದಲs ಬಂದೀರಂತ."

"ಇಲ್ಲವಾ," ಎಂದ ಶೇಖಪ್ಪ, "ಇದs ಮದಲನೇ ಸಲ."

ಪಾಯಿಜಾಮ ಮೊಣಕಾಲಿನ ತನಕ ಮಡಚಿ ನೀರಿಗೆ ಇಳಿದ. ತೆರೆ ಬಂದು ಕಾಲ ಕೆಳಗಿನ ಉಸುಕನ್ನು ಜಾರಿಸಿ ಎಳೆದಾಗ ಬಿದ್ದೇನೆಂದು ಗಾಬರಿಯಾಗಿ ಹಿಂದಕ್ಕೆ ಓಡಿಬಂದ, ಮತ್ತೆ ಹೋದ, ಮತ್ತೆ ಓಡಿಬಂದ. ಹಾಗೆ ಎಷ್ಟು ಸಲ ಮಾಡಿದನೋ. ಅಣ್ಣತಂಗಿ ಉಸುಕಿನಲ್ಲಿ ಕೂತು ಅವನನ್ನೇ ನೋಡುತ್ತಿದ್ದರು.

ನೀರು ಇಳಿದ ಮೇಲೆ ದಂಡೆಯ ಹಸಿ ಉಸುಕು ಗಟ್ಟಿಯಾಗಿ, ನೆಲ ಸಾರಿಸಿದಂತೆ ಬಿದ್ದಿತ್ತು. ಜುಲಿಯಾನಾ ಅದನ್ನು ನೋಡಿದಳು, ಸೈಕಲ್ ನೋಡಿದಳು.

"ನನಗೂ ಸೈಕಲ್ ಕಲಿಸ್ರಿ."

ಶೇಖಪ್ಪ ಕ್ಯಾರಿಯರ್ ಹಿಡಿದ, ಸಂತಾನ ಹ್ಯಾಂಡಲ್ ಹಿಡಿದ. ಅವಳು ಸೀರೆಯ ನೆರಿಗೆ ಮೇಲೆ ಸಿಕ್ಕಿಸಿ, ಅಡ್ಡಪಟ್ಟಿ ದಾಟಿ ಹತ್ತಿದಳು. ನಾಲ್ಕು ಸಲ ಬಿದ್ದಳು. ಐದನೆಯ ಸಲ ಸಂತಾನ ಕೈ ಬಿಟ್ಟ. ಶೇಖಪ್ಪ ಒಬ್ಬನೇ ಹಿಡಿದು ಓಡಿದ, ಎದೆ ಹೊಡೆದುಕೊಳ್ಳುವವರೆಗೆ ಓಡಿದ.

"ಬಿಡಬ್ಯಾಡ್ರಿ ಕಾಕಾ!"

"ಬಿಟ್ಟಿಲ್ಲವಾ, ತುಳಿ!" ಎಂದು ಕೂಗಿ, ಅವನು ಕೈ ಬಿಟ್ಟ.